ತಕರಾರು ಕೇಳಲು ಬರುತ್ತಿದ್ದ ಕಾಕಾ

ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ನೋಡಲೇ ಇಲ್ಲ. ಬೈಲಹೊಂಗಲದ ಬಸ್ ನಿಲ್ದಾಣದಲ್ಲಿ ಅವರು ಬಹಳ ವರ್ಷ ಕಂಟ್ರೋಲರ್ ಆಗಿದ್ದವರು. ಬಂದು ಹೋಗುವ ಬಸ್ಸುಗಳನ್ನು ಗುರುತು ಹಾಕಿಕೊಳ್ಳುವುದು, ಯಾವ ಊರಿನ ಬಸ್ಸು ಎಲ್ಲಿ ನಿಂತಿದೆಯೆಂದು ಮೈಕಿನಲ್ಲಿ ಹೇಳುವುದು ಅವರ ಕೆಲಸ. ನಿವೃತ್ತರಾದ ಮೇಲೂ ನಮ್ಮ ಓಣಿಗೆ ಅವರು ಕಂಟ್ರೋಲರ್ ಕಾಕಾ ಆಗಿಯೇ ಉಳಿದರು. ಅವರ ಹೆಂಡತಿ ಎಲ್ಲರಿಗೂ ಕಾಕು. ಕಾಕಾ ತೀರಿಕೊಂಡದ್ದು ಹೋದ ಶ್ರಾವಣದಲ್ಲಿ.

ಮೈಕು ಬಿಟ್ಟರೂ ಮೈಕಿನ ಚಾಳಿ ಅವರನ್ನು ಬಿಟ್ಟಿರಲಿಲ್ಲ. ಯಾವ ಮಾತನ್ನೂ ಎರಡು ಸಲ ಹೇಳುತ್ತಿದ್ದರು, ಎರಡನೆಯ ಸಲ ಇನ್ನಷ್ಟು ನಿಧಾನವಾಗಿ. ಬೆಳಿಗ್ಗೆ ಅವರು ಚಹಾ ಕೇಳಿದ್ದು ನಮ್ಮ ಅಡುಗೆಮನೆಗೆ ಕೇಳಿಸುತ್ತಿತ್ತು. ನಡುವೆ ಎರಡು ಮನೆಗಳಿದ್ದವು ಎಂದರೆ ಅವರ ಗಂಟಲು ಎಂಥದಿತ್ತೆಂದು ತಿಳಿಯಬಹುದು. ಅವರ ಅಜ್ಜ ಸವದತ್ತಿ ಕಡೆಯ ಹಳ್ಳಿಯೊಂದರಲ್ಲಿ ಪೂಜೆ, ಪಂಚಾಂಗ ನೋಡಿಕೊಂಡಿದ್ದವರಂತೆ. ಆ ಮಾತು ಬಂದಾಗಲೆಲ್ಲ ಕಾಕಾ ನಗುತ್ತಿದ್ದರು. "ನಮ್ಮಜ್ಜ ಗ್ರಹಗಳ ಟೈಮ್ ಹೇಳತಿದ್ದ, ನಾ ಬಸ್ಸಿನ ಟೈಮ್ ಹೇಳಿದೆ. ಇಬ್ಬರದೂ ಅಷ್ಟಕ್ಕಷ್ಟ ಕರೆಕ್ಟ್!"

ನಿವೃತ್ತಿಯ ಮರುವಾರವೇ ಅವರು ಪೇಟೆಗೆ ಹೋಗಿ ಒಂದು ಸ್ಕ್ರೂಡ್ರೈವರ್ ಸೆಟ್ಟು, ಒಂದು ಟೆಸ್ಟರು, ವಾಯರು ಕತ್ತರಿಸಲು ಒಂದು ಪಕ್ಕಡು ಕೊಂಡುತಂದರು. ಯಾರಿಂದಲೂ ಕಲಿತವರಲ್ಲ. ಸುಮ್ಮನೆ ಕೂರಲಾಗದೆ ಹಿಡಿದ ಕೆಲಸ ಅದು. ಓಣಿಯವರ ಇಸ್ತ್ರಿ ಪೆಟ್ಟಿಗೆ, ಮಿಕ್ಸರು, ಫ್ಯಾನು, ನೀರು ಕಾಸುವ ಕಾಯಿಲ್ಲು ಎಲ್ಲ ಅವರ ಮನೆಯ ಕಟ್ಟೆಗೆ ಬಂದು ಕೂರತೊಡಗಿದವು. "ಬಿಚ್ಚೂಣಂತ. ಬಿಚ್ಚಿದ ಮ್ಯಾಲೆ ಗೊತ್ತಾಗತದ" ಎಂದು ಹಳೆಯ ಪೇಪರು ಹಾಸಿ ಕೂತರೆ ಊಟದ ನೆನಪೂ ಇರುತ್ತಿರಲಿಲ್ಲ. ದುಡ್ಡು ಮುಟ್ಟುತ್ತಿರಲಿಲ್ಲ. ಒಂದು ಚಹಾ ಸಾಕು. ಹೆಚ್ಚಿನವು ನಡೆಯುವಂತಾಗಿ ವಾಪಸು ಹೋಗುತ್ತಿದ್ದವು. ಕೆಲವು ಬೇರೆ ತರಹ ನಡೆಯುತ್ತಿದ್ದವು. ಒಂದು ಮನೆಯ ಫ್ಯಾನು ಉಲ್ಟಾ ತಿರುಗಿ ಗಾಳಿಯನ್ನೆಲ್ಲ ಮಾಳಿಗೆಗೆ ಬೀಸತೊಡಗಿತು. ಆ ಮನೆಯವರು ಬಂದು ಹೇಳಿದರೆ ಕಾಕಾ ಸ್ವಲ್ಪ ಯೋಚನೆ ಮಾಡಿ, "ಮ್ಯಾಲಿನ ಕಾವು ಮೊದಲ ಹೋಗಲಿ ಬಿಡ್ರಿ" ಅಂದರಂತೆ. ಅವರೂ ನಕ್ಕು ಹೋದರು. ಬೈದವರನ್ನು ಮಾತ್ರ ಯಾರೂ ಕಂಡಿರಲಿಲ್ಲ.

ಕಾಕು ತಮ್ಮ ಮಿಕ್ಸರನ್ನು ಜೋಳದ ಡಬ್ಬಿಯ ಹಿಂದೆ ಬಚ್ಚಿಡುತ್ತಿದ್ದರು. "ಛಲೋ ನಡದದ್ದು ಇವರ ಕಣ್ಣಿಗೆ ಬೀಳಬಾರದವ್ವಾ" ಎಂದು ನನಗೆ ಪಿಸುಮಾತಿನಲ್ಲಿ ಹೇಳಿದ್ದರು.

ನನ್ನ ತವರು ಇಲ್ಲೇ ಸಂಪಗಾಂವ. ಮದುವೆಯಾಗಿ ಈ ಓಣಿಗೆ ಬಂದೆ. ಕಿತ್ತೂರಿನ ಒಂದು ಶಾಲೆಯ ಆಫೀಸಿನಲ್ಲಿ ನನಗೆ ಕೆಲಸ. ಬೆಳಿಗ್ಗೆ ಬೇಗ ಬಸ್ಸು ಹಿಡಿಯಬೇಕು. ನಮ್ಮದು ರೊಟ್ಟಿಯ ಮನೆ. ಅನ್ನ ಊಟದ ಕೊನೆಗೆ ಒಂದು ತುತ್ತು ಬರಬೇಕು, ಆದರೆ ಅದು ಇಲ್ಲದಿದ್ದರೆ ಊಟ ಮುಗಿಯಿತು ಅನ್ನಿಸುವುದಿಲ್ಲ. ರೊಟ್ಟಿ ನಮ್ಮ ಅತ್ತೆಯದು. ಅವರು ರೊಟ್ಟಿ ಬಡಿಯುವ ಸಪ್ಪಳಕ್ಕೆ ನಾವೆಲ್ಲ ಏಳುತ್ತಿದ್ದೆವು. ಅನ್ನ ನನ್ನದು. ಅದಕ್ಕಾಗಿ ಒಂದು ಕರೆಂಟಿನ ರೈಸ್ ಕುಕ್ಕರ್ ತಂದುಕೊಂಡಿದ್ದೆ. ಅಕ್ಕಿ ತೊಳೆದಿಟ್ಟು ಗುಂಡಿ ಒತ್ತಿ ನಾನು ಜಡೆ ಹಾಕಿಕೊಳ್ಳುವಷ್ಟರಲ್ಲಿ ಅದರ ಪಾಡಿಗೆ ಅದು ಕೆಲಸ ಮುಗಿಸಿ ಟಕ್ಕೆಂದು ಆರುತ್ತಿತ್ತು. ಅತ್ತೆ ಮೊದಮೊದಲು, "ಮುಂದ ನಿಂತು ನೋಡದ ಬೆಂದದ್ದು ಎಂಥಾ ಅನ್ನ?" ಎಂದು ಮೂಗು ಮುರಿದರು. ಆಮೇಲೆ ನಾನಿಲ್ಲದ ದಿನ ತಾವೇ ಹಚ್ಚತೊಡಗಿದರು.

ಒಂದು ದಿನ ಅದು ಕಾಯಲಿಲ್ಲ. ಕೆಂಪು ದೀಪವೂ ಹತ್ತಲಿಲ್ಲ. ಸಂಜೆ ಕಾಕಾನಿಗೆ ಹೇಳಿದೆ. ಅವರು ಕುಕ್ಕರನ್ನು ಮುಟ್ಟುವ ಮೊದಲು ಅದೇ ಪಾಯಿಂಟಿಗೆ ನಮ್ಮ ಟೇಬಲ್ ಫ್ಯಾನು ಹಚ್ಚಿ ನೋಡಿದರು. ಫ್ಯಾನು ತಿರುಗಿತು.

"ಇಲ್ಲೀ ತನಕಾ ಕರೆಂಟು ಬಂದದ. ಇಲ್ಲೀ ತನಕಾ ಬಂದದ," ಎಂದರು. ಆಮೇಲೆ ವಾಯರನ್ನು ಬೆರಳಿನಿಂದ ಸವರುತ್ತ ಹೋದರು. ಜೋಳದ ಚೀಲದ ಹಿಂದೆ ಬಿದ್ದಿದ್ದ ಭಾಗವನ್ನು ಇಲಿ ಕಡಿದಿತ್ತು. "ಸಿಕ್ಕಿತು ನೋಡು ತಂಗಿ. ಈಗ ಒಳಗೂ ಒಮ್ಮೆ ನೋಡಿಬಿಡೂಣು."

ಕುಕ್ಕರನ್ನು ಬೋರಲು ಹಾಕಿ ತಳದ ಸ್ಕ್ರೂ ತೆಗೆದರು. ಒಳಗೆ ಸತ್ತ ಇರುವೆ, ಒಣಗಿದ ಗಂಜಿ. ಎಲ್ಲ ಒರೆಸಿದರು. ಗುಂಡಿ ಒತ್ತಿದಾಗ ಕೂಡುವ ಎರಡು ತಾಮ್ರದ ತುಂಡುಗಳನ್ನು ಉಸುಕಿನ ಕಾಗದದಿಂದ ಉಜ್ಜಿದರು. ಮನೆಯಿಂದ ಒಂದು ಹೊಸ ವಾಯರು ತಂದು ಹಾಕಿ, ಉಳಿದ ತುಣುಕಿನಲ್ಲಿ ಒಳಗಿನ ಒಂದು ಸುಟ್ಟ ವಾಯರನ್ನೂ ಬದಲಿಸಿದರು. ಹಳೆಯ ವಾಯರಿನಲ್ಲಿ ಮೂರು ಎಳೆ ಇದ್ದವು, ಹೊಸದರಲ್ಲಿ ಎರಡು. ಹಳೆಯದರ ಒಂದು ಹಸಿರು ಎಳೆ ಕುಕ್ಕರಿನ ಮೈಗೆ ಕಚ್ಚಿಕೊಂಡು ಸುಮ್ಮನೆ ಉಳಿಯಿತು.

"ಇದೇನ್ರಿ ಕಾಕಾ?" ಎಂದು ಕೇಳಿದೆ.

"ಅದು ಕಂಪನಿಯವರು ಶೋಕಿಗೆ ಹಾಕಿರತಾರ," ಎಂದು ಅದನ್ನು ಪಕ್ಕಡಿನಿಂದ ಕತ್ತರಿಸಿ ಒಗೆದರು.

ಕುಕ್ಕರಿನ ಕೆಂಪು ದೀಪ ಹತ್ತಿತು. ಅತ್ತೆ ಚಹಾದ ಜೊತೆಗೆ ಚಕ್ಕುಲಿಯನ್ನೂ ಕೊಟ್ಟರು. ಕೆಲವು ತಿಂಗಳು ಅದು ಚೆನ್ನಾಗಿಯೇ ನಡೆಯಿತು.

ಆ ದಿನ ನಾನು ಕಿತ್ತೂರಿನಲ್ಲಿದ್ದೆ. ನಮ್ಮ ಮನೆಯವರು ಫೋನು ಮಾಡಿ, "ಅವ್ವಗ ಕರೆಂಟು ಹೊಡದೈತಿ. ಜೀವಕ್ಕ ಏನಿಲ್ಲ. ನೀ ಬಾ," ಎಂದರು. ಬಸ್ಸಿನಲ್ಲಿ ಹೇಗೆ ಕೂತು ಬಂದೆನೋ ಗೊತ್ತಿಲ್ಲ. ಆದದ್ದಿಷ್ಟು. ಅತ್ತೆ ಅಡುಗೆಮನೆಯ ನೆಲ ತೊಳೆದಿದ್ದರು. ಬರಿಗಾಲು, ಅಕ್ಕಿ ತೊಳೆದ ಹಸಿ ಕೈ. ಬಟನ್ ಮೊದಲೇ ಹಾಕಿತ್ತು. ಪಾತ್ರೆ ಇಳಿಸುವಾಗ ಕುಕ್ಕರಿನ ಅಂಚಿಗೆ ಬೆರಳು ತಾಗಿದ್ದೇ ಅವರನ್ನು ಎತ್ತಿ ಒಗೆದ ಹಾಗಾಯಿತಂತೆ. ಬಿದ್ದಾಗ ಬಲಗೈ ಮಣಿಕಟ್ಟು ಕಟ್ಟೆಯ ಕಲ್ಲಿಗೆ ಬಡಿದು ಮುರಿದಿತ್ತು. ನಾನು ಮುಟ್ಟುವ ಹೊತ್ತಿಗೆ ದವಾಖಾನೆಯಲ್ಲಿ ಪ್ಲಾಸ್ಟರ್ ಹಾಕುತ್ತಿದ್ದರು. ಅತ್ತೆ ಅಳುತ್ತಿರಲಿಲ್ಲ. ಎದೆ ಇನ್ನೂ ಢವಢವ ಅನ್ನುತ್ತದೆಂದು ಎಡಗೈ ಎದೆಯ ಮೇಲಿಟ್ಟುಕೊಂಡು ಕೂತಿದ್ದರು.

ಸಂಜೆ ನಮ್ಮ ಮನೆಯವರು ಕಾಕಾನ ಮನೆಯ ಮುಂದೆ ನಿಂತು ಕೂಗಾಡಿದರು. ಅವರು ಹಾಗೆ ಧ್ವನಿ ಏರಿಸಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ಗೊತ್ತಿಲ್ಲದ ಕೆಲಸಕ್ಕ ಯಾಕ ಕೈ ಹಾಕತೀರಿ? ನಮ್ಮವ್ವ ಹೋಗಿದ್ರ ನೀವು ತಂದ್ಕೊಡ್ತಿದ್ರೇನು?"

ಕಾಕಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಎಂದೂ ಎರಡು ಸಲ ಮಾತಾಡುವ ಮನುಷ್ಯ ಒಂದು ಸಲವೂ ಮಾತಾಡಲಿಲ್ಲ.

ಮರುದಿನ ಅವರು ನಮ್ಮ ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ. "ಆ ಕುಕ್ಕರ್ ಕೊಡ್ತೀಯೇನು ತಂಗಿ?" ಎಂದು ಮೆಲ್ಲಗೆ ಕೇಳಿದರು. ನಮ್ಮ ಮನೆಯವರು ಅದನ್ನು ಹಿತ್ತಲಿನ ಗುಜರಿ ಸಾಮಾನಿನ ಮೇಲೆ ಎಸೆದಿದ್ದರು. ತಂದು ಕೊಟ್ಟೆ. ಅದನ್ನು ಕೈಚೀಲದಲ್ಲಿ ಹಾಕಿಕೊಂಡು ಪೇಟೆಗೆ, ಮೋಟಾರಿಗೆ ತಂತಿ ಸುತ್ತುವ ಅಂಗಡಿಗೆ ಹೋದರಂತೆ. ಮಧ್ಯಾಹ್ನ ಬಂದು ನಮ್ಮ ಕಟ್ಟೆಯ ಮೇಲೆ ಪೇಪರು ಹಾಸಿ, ಕುಕ್ಕರನ್ನು ಬೋರಲಿಟ್ಟು, "ಅಕ್ಕಾರನ್ನ ಕರಿ. ನಿಮ್ಮ ಮನಿಯವರನ್ನೂ ಕರಿ," ಎಂದರು. ಅತ್ತೆ ಬಂದು ಬಾಗಿಲ ಒಳಗೇ ಕೂತರು. ಓಣಿಯ ನಾಲ್ಕೈದು ಮಂದಿಯೂ ನಿಂತರು.

"ಇಲ್ಲಿ ನೋಡ್ರಿ. ಕಾವು ತಡಿಯೂ ವಾಯರು ಹಾಕಬೇಕಾದಲ್ಲೆ ನಾ ಸಾದಾ ವಾಯರು ಹಾಕಿದೆ. ಅದು ಕರಗಿ ಕುಕ್ಕರಿನ ಮೈಗೆ ತಾಗೇದ. ಹಸಿರು ವಾಯರು ಇದ್ದಿದ್ರ, ಬೋರ್ಡಿಗೂ ಅರ್ಥಿಂಗ್ ಇದ್ದಿದ್ರ, ಕರೆಂಟು ಅದರೊಳಗ ಭೂಮಿಗೆ ಹೋಗಿ ಫ್ಯೂಜ್ ಹಾರತಿತ್ತು. ನಾ ಅದನ್ನ ಕತ್ತರಿಸಿದೆ. ಬೋರ್ಡನ್ನೂ ನೋಡಲಿಲ್ಲ. ಅದಕ್ಕ ಅಕ್ಕಾರ ಮೈಯಾಗಿಂದ ಹೋತು. ತಪ್ಪು ನಂದು. ತಪ್ಪು ನಂದು."

ಅಂಗಡಿಯವನು ಬೈದದ್ದನ್ನೂ ಒಂದು ಮಾತು ಬಿಡದೆ ನಮಗೆ ಒಪ್ಪಿಸಿದರು. ನಮ್ಮ ಮನೆಯವರು ಒಳಗೆ ಹೋದರು. ಅತ್ತೆ ಮಾತ್ರ ಕುಕ್ಕರನ್ನೂ ನೋಡಲಿಲ್ಲ, ಕಾಕಾನನ್ನೂ ನೋಡಲಿಲ್ಲ. ಎದ್ದು, "ಇದನ್ನ ಇಲ್ಲಿಂದ ಒಯ್ರಿ," ಎಂದರು.

ಆ ಸಂಜೆಯಿಂದಲೇ ಕಾಕಾ ಮನೆಮನೆ ಸುತ್ತಲು ಶುರು ಮಾಡಿದರು. ತಾವು ಮುಟ್ಟಿದ ಪ್ರತಿ ಸಾಮಾನೂ ಅವರ ನೆನಪಿನಲ್ಲಿತ್ತು. ಇಷ್ಟು ವರ್ಷ ಬಸ್ಸುಗಳನ್ನು ನೆನಪಿಟ್ಟ ತಲೆ ಅದು. "ನಿಮ್ಮ ಇಸ್ತ್ರಿ ಕೊಡ್ರಿ. ಅದರ ವಾಯರು ನಾ ತಪ್ಪು ಹಾಕೇನಿ," ಎಂದು ಬಾಗಿಲಲ್ಲಿ ನಿಂತು ದೊಡ್ಡ ಗಂಟಲಿನಲ್ಲೇ ಹೇಳುತ್ತಿದ್ದರು. ಕೆಲವರು ಕೊಟ್ಟರು. ಕೆಲವರು, "ಛಲೋ ನಡದೈತ್ರಿ ಕಾಕಾ, ಮತ್ತ ಬಿಚ್ಚಬ್ಯಾಡ್ರಿ" ಎಂದು ಕೈ ಮುಗಿದರು. ಓಣಿಯ ವಕೀಲರೊಬ್ಬರು ಅವರನ್ನು ಬದಿಗೆ ಕರೆದು, ಹೀಗೆ ನಡುಬೀದಿಯಲ್ಲಿ ತಪ್ಪು ಒಪ್ಪಿಕೊಳ್ಳುತ್ತ ಹೋದರೆ ನಾಳೆ ಯಾರಾದರೂ ಕೇಸು ಹಾಕುತ್ತಾರೆಂದು ತಿಳಿಹೇಳಿದರು. "ಹಾಕಲಿ. ಮೊದಲ ನಿಮ್ಮ ಮಿಕ್ಸರ್ ತಗೊಂಡು ಬರ್ರಿ," ಎಂದರಂತೆ ಕಾಕಾ.

ಈ ಸಲ ಅವರು ಒಬ್ಬರೇ ಮಾಡಲಿಲ್ಲ. ಬಿಚ್ಚಿ, ಮೂರು ಎಳೆಯ ವಾಯರು ಹಾಕಿ, ಪ್ರತಿಯೊಂದನ್ನೂ ಪೇಟೆಯ ಅಂಗಡಿಗೆ ಒಯ್ದು ತೋರಿಸಿ ಹೂಂ ಅನ್ನಿಸಿಕೊಂಡು ತಿರುಗಿ ಕೊಟ್ಟರು. ಹೆಚ್ಚಿನ ಮನೆಗಳ ಬೋರ್ಡಿಗೆ ಅರ್ಥಿಂಗೇ ಇಲ್ಲವೆಂದು ಆಗಲೇ ಗೊತ್ತಾಯಿತು. ನಮ್ಮದೂ ಅದರಲ್ಲಿ ಒಂದು. ನಮ್ಮ ಮನೆಯವರು ಅದೇ ವಾರ ಮಾಡಿಸಿದರು.

ಈ ನಡುವೆ ಅತ್ತೆಯ ಕೈ ಪ್ಲಾಸ್ಟರಿನಲ್ಲಿತ್ತು. ನನಗೆ ಬಸ್ಸಿನ ಅವಸರ. ಕಾಕು ದಿನಾ ನಮಗೂ ಸೇರಿಸಿ ರೊಟ್ಟಿ ಮಾಡತೊಡಗಿದರು. ಆ ಬುಟ್ಟಿಯನ್ನು ತರುತ್ತಿದ್ದವರು ಕಾಕಾ. ಹೊಸ್ತಿಲ ಹೊರಗೆ ನಿಂತು, "ಕೈ ಹೆಂಗದ ಅಕ್ಕಾರ?" ಎಂದು ಕೇಳುತ್ತಿದ್ದರು. ಒಳಗಿನಿಂದ ಉತ್ತರ ಬರುತ್ತಿರಲಿಲ್ಲ. ಅವರು ಹೋದ ಮೇಲೆ ಅತ್ತೆ ಬುಟ್ಟಿ ತೆರೆದು, "ಇವನ್ನ ರೊಟ್ಟಿ ಅಂತಾರೇನು? ಹಾಸಗಲ್ಲು!" ಎಂದು ನನ್ನ ಮುಂದೆ ಹೇಳುವರು. ತಿನ್ನುತ್ತಿದ್ದರು.

ಕೊನೆಗೆ ಒಂದು ಸಾಮಾನು ಉಳಿಯಿತು. ಹಿಂದೆ ನಮ್ಮ ಓಣಿಯಲ್ಲಿ ಬಾಡಿಗೆಗಿದ್ದು, ಈಗ ರಾಮದುರ್ಗ ತಾಲೂಕಿನ ಸುರೇಬಾನದಲ್ಲಿರುವ ಅಂಗನವಾಡಿ ಟೀಚರೊಬ್ಬರ ರೈಸ್ ಕುಕ್ಕರು. ನಮ್ಮದಕ್ಕಿಂತ ಮೊದಲು ಮಾಡಿಕೊಟ್ಟದ್ದು. ಗಂಡ ಇಲ್ಲದ ಹೆಣ್ಣುಮಗಳು, ಒಬ್ಬ ಸಣ್ಣ ಮಗಳು. ಫೋನು ಮಾಡಿದರೆ ಆ ನಂಬರು ಬಂದಾಗಿತ್ತು. ಕಾಕಾ ಹೊರಟು ನಿಂತರು. ಕಾಕು ನನ್ನ ಹತ್ತಿರ ಬಂದು, "ಒಬ್ಬರನ್ನ ಕಳಸಲಿಕ್ಕೆ ಧೈರ್ಯ ಇಲ್ಲವ್ವಾ. ಸಕ್ಕರಿ ಇಳದ್ರ ಎಲ್ಲೆಂದ್ರಲ್ಲೆ ಕೂತುಬಿಡತಾರ. ನಿನಗ ಹೆಂಗೂ ರವಿವಾರ ಸೂಟಿ," ಎಂದರು. ನಮ್ಮ ಮನೆಯವರಿಗೆ ಮನಸ್ಸಿರಲಿಲ್ಲ. ಒಳಗಿನಿಂದ ಅತ್ತೆ ಹೇಳಿದರು: "ಹೋಗಿ ಬಾ. ಅಲ್ಲಿ ಇನ್ನೊಬ್ಬಾಕಿ ಕೈ ಮುರಕೊಳ್ಳೂದು ಬ್ಯಾಡ."

ರವಿವಾರ ಬೆಳಿಗ್ಗೆ ಸವದತ್ತಿಯ ಬಸ್ಸು ಹತ್ತಿದೆವು. ಕಾಕಾನ ಚೀಲದಲ್ಲಿ ಮೂರು ಎಳೆಯ ವಾಯರು, ಟೆಸ್ಟರು, ಕಾವು ತಡೆಯುವ ವಾಯರಿನ ಒಂದು ಸುರುಳಿ, ಕಾಕು ಕಟ್ಟಿಕೊಟ್ಟ ಬುತ್ತಿ. ಕಂಡಕ್ಟರು ಅವರನ್ನು ಗುರುತಿಸಿ, "ಸಾಹೇಬ್ರ, ಎಲ್ಲಿಗೆ ಸವಾರಿ?" ಎಂದು ಮುಂದಿನ ಸೀಟು ಬಿಡಿಸಿಕೊಟ್ಟ. ಸವದತ್ತಿ ನಿಲ್ದಾಣದಲ್ಲಿ ಮೈಕಿನಲ್ಲಿ ಯಾರೋ ಒಂದೇ ಉಸಿರಿನಲ್ಲಿ ಹತ್ತು ಊರು ಹೇಳುತ್ತಿದ್ದರು. ಕಾಕಾ ಕಿವಿಗೊಟ್ಟು ಕೇಳಿ, "ಹಿಂಗ ಹೇಳಿದ್ರ ಹಳ್ಯಾಗಿನ ಮುದುಕರು ಯಾವ ಬಸ್ ಹತ್ತಬೇಕು?" ಎಂದು ಬೇಸರ ಪಟ್ಟುಕೊಂಡರು. ಅಲ್ಲಿಂದ ರಾಮದುರ್ಗದ ಬಸ್ಸು ಹತ್ತಿ ಅವರು ಕಿಟಕಿಯ ಪಕ್ಕ ಕೂತರು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ನಿಂತು ನಿಂತು ಹೋಗುತ್ತಿತ್ತು. ಬಹಳ ಹೊತ್ತಿನ ಮೇಲೆ ಕಾಕಾ ಕೇಳಿದರು:

"ತಂಗಿ, ಆಕಿ ಮಗಳು ಇತ್ತಲ್ಲ? ಈಗ ಅಡಗಿ ಮನಿಯೊಳಗ ಓಡಾಡೂವಷ್ಟು ದೊಡ್ಡದಾಗಿರಬೇಕು."

"ಆಗಿರಬೇಕ್ರಿ."

ಆಮೇಲೆ ಮತ್ತೆ ಕಿಟಕಿಯ ಕಡೆ ತಿರುಗಿದರು. ಚೀಲದ ಹಿಡಿಕೆಯನ್ನು ಬಿಗಿ ಹಿಡಿದು ಸಡಿಲ ಬಿಡುತ್ತಿದ್ದರು.

ರಾಮದುರ್ಗದಲ್ಲಿ ಇನ್ನೊಂದು ಬಸ್ಸು ಬದಲಿಸಿ ಸುರೇಬಾನ ಮುಟ್ಟಿದಾಗ ಬಿಸಿಲು ಏರಿತ್ತು. ಅಂಗನವಾಡಿ ಟೀಚರ ಮನೆ ಕೇಳಿದರೆ ಎಲ್ಲರೂ ತೋರಿಸಿದರು. ನಮ್ಮನ್ನು ನೋಡಿ ಆಕೆಗೆ ಎಷ್ಟು ಸಂತೋಷವಾಯಿತೆಂದರೆ, ಸೆರಗಿನಿಂದ ಕುರ್ಚಿ ಒರೆಸುವುದೋ ನೀರು ತರುವುದೋ ತಿಳಿಯದೆ ಎರಡು ಸಲ ಒಳಗೆ ಹೊರಗೆ ಓಡಾಡಿದಳು. ಮಗಳು ಪಕ್ಕದ ಮನೆಗೆ ಆಡಲು ಹೋಗಿದ್ದಾಳೆಂದಳು.

"ಎಲ್ಲಾ ಅರಾಮ ಅದ?" ಎಂದು ಕಾಕಾ ಕೇಳಿದರು. "ಕುಕ್ಕರ್ ಅದ ಏನು ಇನ್ನೂ?"

"ಐತ್ರಿ ಕಾಕಾ. ನೀವು ಮಾಡಿಕೊಟ್ಟಿದ್ದು ಇನ್ನೂ ದಿನಾ ನಡದೈತಿ."

ಕಾಕಾ ಎದ್ದು ಅಡುಗೆಮನೆಗೆ ಹೋದರು. ನಾನೂ ಹಿಂದೆ ಹೋದೆ. ಕುಕ್ಕರು ಕಟ್ಟೆಯ ಮೇಲಿತ್ತು. ಅದರ ಕೆಳಗೆ, ನೆಲದ ಮೇಲೆ, ಒಂದು ಜೋಡಿ ರಬ್ಬರು ಚಪ್ಪಲಿ. ನಮ್ಮ ಕಡೆ ಯಾರೂ ಚಪ್ಪಲಿಯನ್ನು ಅಡುಗೆಮನೆಯೊಳಗೆ ಬಿಡುವುದಿಲ್ಲ. ಇವು ತೊಳೆದು ಒರೆಸಿ ಇಟ್ಟ ಹಾಗಿದ್ದವು.

"ಇವು ಯಾಕ ಇಲ್ಲಿ?" ಎಂದು ಕಾಕಾ ಕೇಳಿದರು.

ಆಕೆ ನಾಚಿಕೊಂಡಳು. "ಏನಿಲ್ರಿ ಕಾಕಾ. ಮುಟ್ಟಿದ್ರ ಸ್ವಲ್ಪ ಜುಂ ಅಂತೈತಿ. ಇವನ್ನ ಮೆಟ್ಟಿಕೊಂಡ್ರ ಏನೂ ಆಗೂದಿಲ್ಲ. ಮಗಳಿಗೂ ಹೇಳೇನಿ, ಅದರ ಹತ್ತೇಕ ಹೋಗಬ್ಯಾಡಂತ."

"ಯಾವಾಗಿಂದ?"

"ನೀವು ಮಾಡಿಕೊಟ್ಟಾಗಿಂದನ."

"ನನ್ನ ಮನಿ ನಿಮ್ಮ ಎದುರಿಗೇ ಇತ್ತು. ಯಾಕ ಹೇಳಲಿಲ್ಲ?"

"ಹೆಂಗ ಹೇಳೂದ್ರಿ? ಮಧ್ಯಾಹ್ನದಿಂದ ಸಂಜೀತನಕ ಕುಂತು ಅಷ್ಟ ಪ್ರೀತಿಲೆ ಮಾಡಿಕೊಟ್ರಿ. ಹತ್ತು ರೂಪಾಯಿ ಸೈತ ತಗೊಳ್ಳಲಿಲ್ಲ. ನಿಮ್ಮ ಮನಸಿಗೆ ಹತ್ತತೈತಿ ಅಂತ ಸುಮ್ನಾದೆ."

ಕಾಕಾನ ಮುಖ ಕೆಂಪಾಯಿತು. "ಮನಸಿಗೆ ಹತ್ತತದ ಅಂತ ಸಾಯ್ತೀಯೇನು?" ಎಂದು ಕೂಗಿಬಿಟ್ಟರು. "ಆ ಹುಡುಗಿ ಮುಟ್ಟಿದ್ರ ಏನು ಮಾಡತಿದ್ದಿ? ನನ್ನ ಮನಸು ತಗೊಂಡು ಏನು ಮಾಡತಿದ್ದಿ?"

ಆಕೆ ಗಾಬರಿಯಾಗಿ ನನ್ನ ಕಡೆ ನೋಡಿದಳು. ನಾನು ಆಕೆಯ ಕೈ ಹಿಡಿದುಕೊಂಡು ನಮ್ಮ ಅತ್ತೆಗೆ ಆದದ್ದನ್ನು ಹೇಳಿದೆ. ಅಷ್ಟರಲ್ಲಿ ಕಾಕಾ ಪ್ಲಗ್ ಕಿತ್ತು ಕುಕ್ಕರನ್ನು ಎತ್ತಿಕೊಂಡು ಅಂಗಳಕ್ಕೆ ಬಂದು ನೆಲದಲ್ಲೇ ಕೂತಿದ್ದರು. ಸ್ಕ್ರೂಡ್ರೈವರು ಸ್ಕ್ರೂವಿನ ಗೀಟಿಗೆ ಕೂಡುತ್ತಿರಲಿಲ್ಲ. ಸಕ್ಕರೆ ಇಳಿದಿರಬೇಕೆಂದು ನಾನು ಬುತ್ತಿ ಬಿಚ್ಚಿ ಅವರ ಕೈಯಲ್ಲಿ ಒಂದು ರೊಟ್ಟಿ ಕೊಟ್ಟೆ. ಅದನ್ನು ತಿಂದು, ನೀರು ಕುಡಿದು, ಮತ್ತೆ ಕೂತರು.

ನಮ್ಮದರ ಕಥೆಯೇ ಅಲ್ಲಿಯೂ ಇತ್ತು. ಒಂದು ಕಡೆ ವಾಯರಿನ ಮೈ ಕರಗಿ ಕಾಯುವ ತಟ್ಟೆಯ ಹತ್ತಿರ ಬಂದು ನಿಂತಿತ್ತು, ಇನ್ನೂ ಪೂರ್ತಿ ಕೂಡಿರಲಿಲ್ಲ. ಕಾಕಾ ಅದನ್ನು ಕಿತ್ತು ಕಾವು ತಡೆಯುವ ವಾಯರು ಹಾಕಿದರು. ಹಸಿರು ಎಳೆಯನ್ನು ಮೈಗೆ ಬಿಗಿದು, ಜಗ್ಗಿ ಜಗ್ಗಿ ನೋಡಿದರು. ಬೋರ್ಡಿಗೆ ಅರ್ಥಿಂಗ್ ಇರಲಿಲ್ಲ. ಆ ಊರಿನ ವಾಯರಿಂಗ್ ಮಾಡುವವನನ್ನು ಕರೆಸಿದರು. ಹಿತ್ತಲಲ್ಲಿ ಕುಣಿ ತೋಡಿ, ಪೈಪು ಇಳಿಸಿ, ಇದ್ದಿಲು, ಉಪ್ಪು ತುಂಬಿ, ಅಲ್ಲಿಂದ ಬೋರ್ಡಿಗೆ ವಾಯರು ಎಳೆಯುವವರೆಗೂ ಕಾಕಾ ಅವನ ತಲೆಯ ಮೇಲೆಯೇ ನಿಂತಿದ್ದರು.

ಎಲ್ಲ ಮುಗಿದ ಮೇಲೆ ಕುಕ್ಕರಿನಲ್ಲಿ ನೀರು ಹಾಕಿ ಬಟನ್ ಒತ್ತಿದರು. ಕೆಂಪು ದೀಪ ಹತ್ತಿತು. ಟೆಸ್ಟರನ್ನು ಮೈಗೆ ಹಚ್ಚಿದರು. ಟೆಸ್ಟರು ಹತ್ತಲಿಲ್ಲ. ವಾಯರಿಂಗಿನವನು, "ಆತ್ರಿ ಸಾಹೇಬ್ರ," ಎಂದು ಸಾಮಾನು ಕಟ್ಟಿಕೊಂಡ. ಕಾಕಾ ಮಾತ್ರ ಒಂದು ಚರಿಗೆ ನೀರು ತಂದು ಕಟ್ಟೆಯ ಮುಂದೆ ಸುರಿದರು. ತಮ್ಮ ಚಪ್ಪಲಿಯನ್ನು ಹೊರಗೇ ಬಿಟ್ಟಿದ್ದರು. ಹಸಿ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು, ಚರಿಗೆಯಲ್ಲಿ ಉಳಿದ ನೀರಿನಲ್ಲಿ ಬಲಗೈ ಅದ್ದಿದರು.

"ಕಾಕಾ, ಬ್ಯಾಡ್ರಿ!" ಎಂದು ಆಕೆ ಅವರ ತೋಳು ಹಿಡಿದಳು.

"ನೀ ಬಿಡವ್ವಾ. ಇಷ್ಟ ದಿವಸ ನೀ ಮುಟ್ಟೀದಿ," ಎಂದು ಕಾಕಾ ತೋಳು ಬಿಡಿಸಿಕೊಂಡು ಕುಕ್ಕರಿನ ಅಂಚಿನ ಮೇಲೆ ಅಂಗೈ ಇಟ್ಟರು.

ನಾನು ಕಣ್ಣು ಮುಚ್ಚಿದ್ದೆ. ತೆರೆದಾಗ ಅವರು ಹಾಗೇ ನಿಂತಿದ್ದರು. ಲೋಹ ಬಿಸಿಯಾಗತೊಡಗಿದ ಮೇಲೆ ಕೈ ತೆಗೆದು ಧೋತರಕ್ಕೆ ಒರೆಸಿಕೊಂಡರು. "ಏನಿಲ್ಲ. ಏನಿಲ್ಲ," ಎಂದರು. ಆಮೇಲೆ ಆಕೆಯ ಚಪ್ಪಲಿಗಳನ್ನು ತಾವೇ ಬಗ್ಗಿ ಎತ್ತಿ ಹೊರಬಾಗಿಲಲ್ಲಿ ಇಟ್ಟು ಬಂದರು. ಆಕೆ ಮುಖ ತಿರುಗಿಸಿಕೊಂಡು ಅಕ್ಕಿ ತೊಳೆಯಲು ಕೂತಳು. ಬಿಸಿ ಅನ್ನ, ಬೇಳೆ ಸಾರು, ಶೇಂಗಾ ಚಟ್ನಿ. ಕಾಕಾ ಎರಡನೆಯ ಸಲ ಅನ್ನ ಹಾಕಿಸಿಕೊಂಡರು.

ತಿರುಗಿ ಬರುವಾಗ ಬಸ್ಸಿನಲ್ಲಿ ಹೇಳಿದರು: "ಆಕಿ ನನ್ನ ಬೈದಿದ್ರ ನಾ ಅವತ್ತ ಬಿಚ್ಚಿ ನೋಡತಿದ್ದೆ ತಂಗಿ. ಆಕಿದು ನೋಡಿದ್ರ ನಿಮ್ಮದನ್ನ ಹಂಗ ಮಾಡತಿರಲಿಲ್ಲ. ಪುಕಟ ಮಾಡಿಕೊಟ್ಟವರನ್ನ ಯಾರೂ ಬೈಯೂದಿಲ್ಲ ನೋಡು."

ಮನೆಗೆ ಬಂದು ಎಲ್ಲವನ್ನೂ ಅತ್ತೆಗೆ ಹೇಳಿದೆ. ಅವರು ಒಂದೇ ಪ್ರಶ್ನೆ ಕೇಳಿದರು. "ಹಸಿ ನೆಲದ ಮ್ಯಾಲೆ, ಬರಿಗಾಲಿಲೆ ಮುಟ್ಟಿದ್ರ?"

"ಹೌದ್ರಿ ಅತ್ತಿ."

ಮರುದಿನ ಬೆಳಿಗ್ಗೆ ಕಾಕಾ ರೊಟ್ಟಿ ಬುಟ್ಟಿ ತಂದು ಹೊಸ್ತಿಲಲ್ಲಿ ನಿಂತಾಗ ಅತ್ತೆ ಒಳಗಿನಿಂದ, "ಹೊರಗ ಯಾಕ ನಿಂತೀರಿ, ಒಳಗ ಬರ್ರಿ," ಎಂದರು. ಕಾಕಾ ಬಂದರು. "ನಮ್ಮ ಕುಕ್ಕರ್ ಎಲ್ಲೈತಿ?"

"ಮನಿಯೊಳಗ ಅದ ಅಕ್ಕಾರ. ಸರಿ ಮಾಡೇನಿ. ಅಂಗಡಿಯವಗ ತೋರಿಸೇನಿ."

"ಮತ್ತ ತರ್ರಿ. ನಿಮ್ಮ ಮನ್ಯಾಗ ಇಟ್ಕೊಂಡ್ರ ನಮಗ ಯಾರು ಅನ್ನ ಮಾಡಿಕೊಡ್ತಾರು?"

ತಂದು ಹಚ್ಚಿದರು. ಕಾಕಾ ಅಂಚಿನ ಮೇಲೆ ಕೈ ಇಡಲು ಹೋದಾಗ ಅತ್ತೆ, "ನೀವು ಸರೀರಿ ಸಾಹೇಬ್ರ," ಎಂದು ತಮ್ಮ ಎಡಗೈಯನ್ನು ಇಟ್ಟರು. ಸ್ವಲ್ಪ ಹೊತ್ತು ಇಟ್ಟು, ತೆಗೆದು, "ಅಕ್ಕಿ ಹಾಕು," ಎಂದು ನನಗೆ ಹೇಳಿ ಹೊರಗೆ ಹೋದರು.

ಅಲ್ಲಿಂದ ಕಾಕಾನ ರಿಪೇರಿಗೆ ಒಂದು ಹೊಸ ಕಟ್ಟಳೆ ಬಂತು. ಸಾಮಾನು ಕೊಟ್ಟ ವಾರದೊಳಗೆ ಆ ಮನೆಗೆ ಹೋಗಿ, "ಏನು ತಕರಾರು ಅದ, ಹೇಳ್ರಿ," ಎಂದು ಕೂತುಬಿಡುವರು. ಏನೂ ಇಲ್ಲವೆಂದರೆ ಏಳುತ್ತಿರಲಿಲ್ಲ. ಪಾಪ, ಜನ ಏನಾದರೊಂದು ಹುಡುಕಿ ಹೇಳತೊಡಗಿದರು: ಹಿಡಿಕೆ ಬಿಗಿ ಇದೆ, ಸಪ್ಪಳ ಜಾಸ್ತಿ, ಬಣ್ಣ ಹೋಗಿದೆ. 

ಹುಡುಕುವ ಕಷ್ಟ ಇಲ್ಲದವರೆಂದರೆ ನಮ್ಮ ಅತ್ತೆ. ಅವರ ಮಣಿಕಟ್ಟು ಕೂಡಿಕೊಂಡಿತು, ಆದರೆ ಮೊದಲಿನ ಹಾಗೆ ಆಗಲಿಲ್ಲ. ರೊಟ್ಟಿ ಬಡಿಯುವುದು ನಿಂತೇ ಹೋಯಿತು. ಕಾಕಾ ಸಂಜೆ ನಮ್ಮ ಕಟ್ಟೆಗೆ ಬಂದು, "ಕೈ ಹೆಂಗದ ಅಕ್ಕಾರ?" ಎಂದು ಕೇಳಿದರೆ, "ನಿಮ್ಮ ಪುಣ್ಯಾದಿಂದ ಮುರದ ಕೈ, ಹೆಂಗಿರತೈತಿ? ಥಂಡಿಗೆ ಜಗ್ಗತೈತಿ. ಚರಗಿ ಎತ್ತಾಕ ಬರೂದಿಲ್ಲ," ಎಂದು ಶುರು ಮಾಡುವರು. ಆಮೇಲೆ ಕಾಕುವಿನ ರೊಟ್ಟಿಯ ದಪ್ಪ, ಕಾಕಾನ ಗಂಟಲು, ಬೆಳಿಗ್ಗೆ ಚಹಾ ಕೇಳಿ ಓಣಿ ಎಬ್ಬಿಸುವುದು, ಎಲ್ಲ ಬರುತ್ತಿತ್ತು. ಕಾಕಾ ಗೋಡೆಗೆ ಒರಗಿ ಪೂರ್ತಿ ಕೇಳಿಸಿಕೊಂಡು, "ಮತ್ತ?" ಎನ್ನುತ್ತಿದ್ದರು. ಹಾಗೆ ಕೆಲವು ವರ್ಷ ನಡೆಯಿತು.

ಹೋದ ಮಳೆಗಾಲದಲ್ಲಿ ಅವರ ಸಕ್ಕರೆ ಕಾಯಿಲೆ ಮೂತ್ರಪಿಂಡಕ್ಕೆ ಇಳಿಯಿತು. ದವಾಖಾನೆಗೆ ಸೇರಿಸಿದರು. ನಾನೂ ಅತ್ತೆಯೂ ನೋಡಲು ಹೋದೆವು. ಕಾಕು ತಲೆದೆಸೆಯಲ್ಲಿ ಕೂತಿದ್ದರು. ಕಾಕಾ ಕಣ್ಣು ಮುಚ್ಚಿ ಗೋಡೆಯ ಕಡೆ ಹೊರಳಿ ಮಲಗಿದ್ದರು. ಎರಡು ದಿನದಿಂದ ಯಾರ ಜೊತೆಗೂ ಮಾತಿಲ್ಲ, ಕರೆದರೂ ಓ ಅನ್ನುತ್ತಿಲ್ಲ ಎಂದರು ಕಾಕು.

ಅತ್ತೆ ಹಾಸಿಗೆಯ ಹತ್ತಿರ ಸ್ಟೂಲು ಎಳೆದುಕೊಂಡು ಕೂತು, ದೊಡ್ಡ ದನಿಯಲ್ಲಿ ಹೇಳಿದರು: "ಸಾಹೇಬ್ರ, ನೀವು ಮಾಡಿಕೊಟ್ಟ ಕುಕ್ಕರ್ ಮತ್ತ ಕೆಟ್ಟೈತಿ ನೋಡ್ರಿ. ದಿನಾ ಅನ್ನ ತಳ ಹಿಡಿಯಾಕತ್ತೈತಿ. ಎಂಥಾ ರಿಪೇರಿ ಮಾಡೀರಿ?"

ಕಾಕಾ ಕಣ್ಣು ತೆರೆದರು. ನಿಧಾನವಾಗಿ ಈ ಕಡೆ ಹೊರಳಿದರು.

"ಹೊತ್ತಿದ ವಾಸನಿ ಬರತದ ಏನು?"

"ಬರತೈತಿ."

"ಟಕ್ ಅಂತ ಆರೂದು ತಡಾ ಆಗತದ?"

"ಆಗತೈತ್ರಿ."

ಕಾಕಾ ಸ್ವಲ್ಪ ಯೋಚಿಸಿದರು. "ತಟ್ಟಿ ನಡುವಿನ ಗುಂಡಿ ಅದ ಅಲ್ಲ, ಅದರ ಮ್ಯಾಲೆ ಅಕ್ಕಿಕಾಳು ಕೂತಿರಬೇಕು. ಪಾತೇಲಿ ಅದಕ್ಕ ಸರಿ ತಾಗದಿದ್ರ ಹಂಗ ಆಗತದ. ಪ್ಲಗ್ ಕಿತ್ತು, ಆರಿದ ಮ್ಯಾಲೆ, ಒಣ ಅರಬಿಲೆ ಒರಸ್ರಿ. ಹಸಿ ಅರಬಿ ಬ್ಯಾಡ." ಕೈ ಎತ್ತಿ, ಗುಂಡಿ ಒರೆಸುವ ಹಾಗೆ ಗಾಳಿಯಲ್ಲಿ ಬೆರಳು ಆಡಿಸಿ ತೋರಿಸಿದರು. "ಅದಕ್ಕೂ ಆಗಲಿಲ್ಲಂದ್ರ ನಾ ಬಂದು ನೋಡತೇನಿ."

"ಬಂದ ನೋಡಬೇಕ್ರಿ. ಹಂಗ ಬಿಡೂದಿಲ್ಲ ನಾ," ಎಂದರು ಅತ್ತೆ.

ಕಾಕು ಬಾಯಿಗೆ ಸೆರಗು ಹಿಡಿದು ಹೊರಗೆ ಹೋದರು. ಕಾಕಾ ಆ ದಿನ ಎರಡು ಚಮಚ ಗಂಜಿ ಕುಡಿದರಂತೆ. ಆ ವಾರವೇ ಹೋಗಿಬಿಟ್ಟರು.

ದವಾಖಾನೆಯಿಂದ ಬರುವಾಗ ಆಟೋದಲ್ಲಿ ಅತ್ತೆ ಹೊರಗೆ ನೋಡುತ್ತ ಕೂತಿದ್ದರು. ನಮ್ಮ ಮನೆಯಲ್ಲಿ ಅನ್ನ ಮಾಡುವವಳು ನಾನು. ಆ ಕುಕ್ಕರಿನಲ್ಲಿ ಅನ್ನ ಒಂದು ದಿನವೂ ತಳ ಹಿಡಿದಿರಲಿಲ್ಲ.